ಬೀಗಿತ್ತಿಯ ಭಾಷೆ

ಶಿರ್ವದ ನ್ಯಾನ್ಸಿ ಮೆಂಡೋನ್ಸಾ ಅಬುಧಾಬಿಯ ವಿಮಾನ ಹತ್ತಿದ್ದು ಒಂದೇ ಒಂದು ಕೆಲಸಕ್ಕೆ: ಹುಟ್ಟಲಿರುವ ಮೊಮ್ಮಗುವನ್ನು ತನ್ನ ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚಿ ಮೀಯಿಸಲಿಕ್ಕೆ. ಊರಿನಲ್ಲಿ ಮೂವತ್ತು ವರ್ಷದಿಂದ ಅವರು ಬೆಳಗಿನ ಹೊತ್ತು ಮಲ್ಲಿಗೆ ಕಟ್ಟುತ್ತಾರೆ, ಹತ್ತು ಗಂಟೆಯ ಮೇಲೆ ಯಾರದಾದರೂ ಮನೆಗೆ ಹೋಗಿ ಶಿಶು ಮೀಯಿಸುತ್ತಾರೆ. ಇದುವರೆಗೆ ಎಷ್ಟು ಮಕ್ಕಳು ಅಂತ ಕೇಳಿದರೆ, "ಎಂಬತ್ತರ ಮೇಲೆ ಲೆಕ್ಕ ಬಿಟ್ಟೆ ಮಾರಾಯ್ರೆ" ಅನ್ನುತ್ತಾರೆ. ಅವರಲ್ಲೊಬ್ಬ ಈಗ ಪೊಲೀಸ್ ಸಬ್ ಇನ್‌ಸ್ಪೆಕ್ಟರ್. ಪೇಟೆಯಲ್ಲಿ ಸಿಕ್ಕಿದರೆ ಇವರು ಹತ್ತು ಜನರ ಎದುರಿಗೆ, "ಇದು ನಾನು ತಿದ್ದಿದ ಮೂಗು" ಅನ್ನುವುದು, ಅವನು ಟೊಪ್ಪಿ ಸರಿಮಾಡಿಕೊಂಡು ಕಾಲಿಗೆ ಬುದ್ಧಿ ಹೇಳುವುದು. ಇಂಥ ಹೆಂಗಸಿಗೆ ಸ್ವಂತ ಮಗನ ಮಗು ಬರುತ್ತದೆ ಅಂದರೆ ಕೈ ಸುಮ್ಮನಿದ್ದೀತೇ? ಎರಡು ಲೀಟರ್ ತೆಂಗಿನೆಣ್ಣೆ, ಮನೆಯಲ್ಲೇ ಕುಟ್ಟಿದ ಅರಿಶಿನ, ಕಡಲೆಹಿಟ್ಟು ಎಲ್ಲ ಕಟ್ಟಿಕೊಂಡು, ಅರವತ್ತು ದಿನದ ವಿಸಿಟ್ ವೀಸಾದಲ್ಲಿ ಬಂದಿಳಿದರು.

ಮಗ ಶರ್ವಿನ್‌ನ ಮನೆ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಒಂದು ವಿಲ್ಲಾದ ಮೇಲಿನ ಪಾಲು. ಅವನಿಗೆ ಸಮುದ್ರದ ನಡುವಿನ ತೈಲಬಾವಿಯ ಕಟ್ಟೆಯಲ್ಲಿ ಕೆಲಸ. ನಲವತ್ತೆರಡು ದಿನ ನೀರಿನ ಮೇಲೆ, ಇಪ್ಪತ್ತೊಂದು ದಿನ ಮನೆಯಲ್ಲಿ. ಹೆಂಡತಿ ಪಾವೊಲಾ ಕೊಲಂಬಿಯಾದ ಹುಡುಗಿ, ಇಲ್ಲಿ ಹೋಟೆಲೊಂದರ ಸ್ವಾಗತ ವಿಭಾಗದಲ್ಲಿದ್ದಾಳೆ. ಅವಳ ತಾಯಿ ಅಂಪಾರೊ ಕೂಡ ಬಾಣಂತನಕ್ಕೆಂದೇ ಬಂದು ನ್ಯಾನ್ಸಿಬಾಯಿಗಿಂತ ವಾರ ಮೊದಲೇ ಕೋಣೆ ಹಿಡಿದಾಗಿತ್ತು. ಊರು ಯಾವುದೆಂದು ಕೇಳಿದಾಗ ಆಕೆ "ಪೆರೇರಾ" ಅಂದರಂತೆ. ನ್ಯಾನ್ಸಿಬಾಯಿಗೆ ಸ್ವರ್ಗಕ್ಕೆ ಮೂರೇ ಗೇಣು. "ಪೆರೇರಾಗಳಾ? ಯಾವ ಪೆರೇರಾ? ಪಾಂಬೂರಿನವರಾ, ಬೆಳ್ಮಣ್ಣಿನವರಾ?" ಪೆರೇರಾ ಅನ್ನುವುದು ಮನೆತನವಲ್ಲ, ಕೊಲಂಬಿಯಾದ ಒಂದು ಊರಿನ ಹೆಸರೆಂದು ಶರ್ವಿನ್ ತಿಳಿಸಿ ಹೇಳುವಷ್ಟರಲ್ಲಿ ಇವರು ಆಕೆಯನ್ನು ತಬ್ಬಿಕೊಂಡೂ ಆಗಿತ್ತು.

ಮಗು ಹುಟ್ಟಿತು, ಗಂಡು, ಮಾತೆಯೊ ಅಂತ ಹೆಸರಿಟ್ಟರು. ಏಳನೆಯ ದಿನಕ್ಕೆ ಶರ್ವಿನ್ ಸಮುದ್ರಕ್ಕೆ ಹೋದ. ಅವನು ಹೋದದ್ದೇ, ಮನೆಯೊಳಗಿನ ಇಂಗ್ಲಿಷೂ ಕೊಂಕಣಿಯೂ ಅವನ ಬ್ಯಾಗಿನಲ್ಲೇ ಹೋದವು. ತಾಯಿ ಮಗಳು ಬೆಳಗಿನಿಂದ ಸಂಜೆಯವರೆಗೆ ಸ್ಪ್ಯಾನಿಷ್‌ನಲ್ಲೇ. ನ್ಯಾನ್ಸಿಬಾಯಿಗೆ ಕೊಂಕಣಿ ಗೊತ್ತು, ತುಳು ಗೊತ್ತು, ಕನ್ನಡ ಗೊತ್ತು. ಇಂಗ್ಲಿಷ್ ಅಂದರೆ ಕಮ್, ಗೋ, ವೆರಿ ನೈಸ್, ಅಷ್ಟೇ. ದಿನಕ್ಕೆ ಹತ್ತು ಸಾವಿರ ಮಾತಾಡುವ ಹೆಂಗಸು ಬಾಯಿಗೆ ಬೀಗ ಹಾಕಿಕೊಂಡು ಸೋಫಾದ ತುದಿಯಲ್ಲಿ ಕೂರಬೇಕೆಂದರೆ ಹೇಗಿದ್ದೀತು ಹೇಳಿ! ಹೊಕ್ಕುಳು ಬೀಳಲಿ, ಆಮೇಲೆ ಮೀಯಿಸುತ್ತೇನೆ ಅಂತ ತಮ್ಮಷ್ಟಕ್ಕೆ ತಾವೇ ಸಮಾಧಾನ ಹೇಳಿಕೊಂಡಿದ್ದರು. ಅಷ್ಟರಲ್ಲೇ ಎಡವಟ್ಟು ಮಾಡಿಕೊಂಡರು.

ಎಂಟನೆಯ ದಿನ ಮಗುವಿನ ಕೈಯಲ್ಲಿ ಕೆಂಪು ದಾರ ಕಂಡಿತು. ದಾರದಲ್ಲಿ ಒಂದು ಕಪ್ಪು ಮಣಿ, ಮಣಿಯ ಪಕ್ಕದಲ್ಲಿ ಮುಷ್ಟಿ ಕಟ್ಟಿದ ಒಂದು ಪುಟ್ಟ ಕಪ್ಪು ಕೈ. ನ್ಯಾನ್ಸಿಬಾಯಿಯ ಜೀವ ಬಾಯಿಗೆ ಬಂತು. ಕಪ್ಪು ಕೈ! ಇದು ಮಾಟವಲ್ಲದೆ ಮತ್ತೇನು? ಯಾರೋ ಹೊಟ್ಟೆಕಿಚ್ಚಿನವರು ಕೊಟ್ಟಿದ್ದಾರೆ, ಈ ಪಾಪದ ಹೆಂಗಸರಿಗೆ ಗೊತ್ತಾಗಿಲ್ಲ. ಹಿಂದೆಮುಂದೆ ನೋಡದೆ ಉಗುರು ಕತ್ತರಿಸುವ ಕತ್ತರಿಯಿಂದ ದಾರ ಕತ್ತರಿಸಿ, ಶಿಲುಬೆಯ ಗುರುತು ಹಾಕಿ, ಕೆಳಗಿಳಿದು ಬೀದಿಯ ದೊಡ್ಡ ಕಸದ ಡಬ್ಬದೊಳಗೆ ಎಸೆದು ಬಂದರು. ಒಳ್ಳೆಯ ಕೆಲಸ ಮಾಡಿದ ಸಂತೋಷದಲ್ಲಿ ಒಂದು ಲೋಟ ಚಾ ಮಾಡಿಕೊಂಡು ಕುಡಿದರು ಕೂಡ.

ಚಾ ಮುಗಿಯುವ ಹೊತ್ತಿಗೆ ಒಳಗಿನಿಂದ ಅಂಪಾರೊ ಅಳುವುದು ಕೇಳಿತು. ಪಾವೊಲಾ ಹೊರಗೆ ಬಂದಳು, ಮುಖ ಕೆಂಪಾಗಿತ್ತು. ಬಿಡಿಬಿಡಿ ಇಂಗ್ಲಿಷಿನಲ್ಲಿ, ಕೈ ತೋರಿಸಿ, ಅತ್ತೆಗೆ ಅರ್ಥವಾಗುವ ಹಾಗೆ ಹೇಳಿದಳು. ಅದು ಅಂಪಾರೊ ಅವರ ತಾಯಿ ಅಂಪಾರೊಗೆ ಕಟ್ಟಿದ್ದು. ಆಮೇಲೆ ಪಾವೊಲಾಳ ಕೈಯಲ್ಲಿದ್ದದ್ದು. ಈಗ ಮಾತೆಯೊನ ಕೈಗೆ ಬಂದದ್ದು. ಮಗುವಿಗೆ ಕೆಟ್ಟ ಕಣ್ಣು ತಾಗದಿರಲಿ ಅಂತ ಕಟ್ಟುವುದು. ನ್ಯಾನ್ಸಿಬಾಯಿ ಚಪ್ಪಲಿಯನ್ನೂ ಹಾಕಿಕೊಳ್ಳದೆ ಕೆಳಗೆ ಓಡಿದರು. ಡಬ್ಬ ಖಾಲಿ, ಕಸದ ಲಾರಿ ಬಂದು ಹೋಗಿಯಾಗಿತ್ತು.

"ಮಮ್ಮಾ, ಪ್ಲೀಸ್," ಅಂದಳು ಪಾವೊಲಾ ಆ ಸಂಜೆ. "ನಾನು ಇಲ್ಲದಾಗ ಬೇಬಿ ನೋ ಟಚ್. ಬಾತ್ ಕೂಡ ಬೇಡ. ನಾನು, ನನ್ನ ಅಮ್ಮ ಮಾಡ್ತೇವೆ."

ಮೀಯಿಸಲಿಕ್ಕೆಂದೇ ಬಂದವರು! ನ್ಯಾನ್ಸಿಬಾಯಿ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತರು. ಸಿಟ್ಟು ಯಾರ ಮೇಲೆಯೂ ಅಲ್ಲ, ತಮ್ಮ ಕೈಯ ಮೇಲೆ. ಎಂಬತ್ತು ಮಕ್ಕಳ ಮನೆಯಲ್ಲಿ ಒಬ್ಬರೂ ಹೀಗೆ ಹೇಳಿದ್ದಿಲ್ಲ.

ಮರುದಿನ ಪಕ್ಕದ ಪಾಲಿನ ಖೈರುನ್ನಿಸ ಮೀನಿನ ಪುಳಿಮುಂಚಿ ತಂದುಕೊಟ್ಟಳು. ಉಪ್ಪಿನಂಗಡಿಯ ಬ್ಯಾರಿ ಹೆಂಗಸು, ಹದಿನಾರು ವರ್ಷದಿಂದ ಇಲ್ಲೇ ಇರುವವಳು. ನ್ಯಾನ್ಸಿಬಾಯಿ ಅವಳ ಎದುರು ಎಲ್ಲವನ್ನೂ ಕಕ್ಕಿಬಿಟ್ಟರು.

"ಶರ್ವಿನ್ ಬಂದ ಮೇಲೆ ಅವನೇ ಹೇಳ್ತಾನೆ, ಬಿಡಿ," ಅಂದಳು ಖೈರುನ್ನಿಸ.

"ತಪ್ಪು ಮಾಡಿದ್ದು ನಾನು, ಹೇಳುವವನು ಅವನಾ? ಅದೆಂತ ಚಂದ? ಅವಳ ಅಮ್ಮನ ವಸ್ತು ಬಿಸಾಡಿದ್ದೇನೆ. ಅವಳ ಮುಖ ನೋಡಿ, ಅವಳ ಬಾಯಿಯ ಮಾತಲ್ಲೇ ನಾನು ಹೇಳ್ಬೇಕು."

"ಹಾಗಾದ್ರೆ ಕಲೀರಿ. ನಾನು ಬರುವಾಗ ನನಗೆ ಅರಬ್ಬಿ ಮಾಫಿ, ಹಿಂದಿಯೂ ಮಾಫಿ, ಎರಡೂ ಇಲ್ಲ. ಈಗ ನೋಡಿ, ಅಂಗಡಿಯವನತ್ರ ಜಗಳ ಮಾಡ್ತೇನೆ. ಮನೆಯಲ್ಲೇ ಟೀಚರ್ ಉಂಟು ನಿಮಗೆ, ಫೀಸಿಲ್ಲ. ಯಲ್ಲಾ, ಶುರು ಮಾಡಿ!"

ನ್ಯಾನ್ಸಿಬಾಯಿ ಆ ಕ್ಷಣವೇ ಸೊಂಟಕ್ಕೆ ಸೆರಗು ಬಿಗಿದರು. ಅಂಪಾರೊ ಮಗುವಿನ ನಲವತ್ತನೆಯ ದಿನ ಕಳೆದು ಎರಡೇ ದಿನಕ್ಕೆ ತಮ್ಮ ದೇಶಕ್ಕೆ ಹೊರಡುವವರು. ಅಷ್ಟರೊಳಗೆ ಕ್ಷಮೆ ಕೇಳಬೇಕು. ಮಗುವನ್ನು ಒಂದು ಸಲ, ಒಂದೇ ಒಂದು ಸಲ, ಕಾಲ ಮೇಲೆ ಹಾಕಿಕೊಳ್ಳಬೇಕು. ಐವತ್ತೊಂಬತ್ತನೆಯ ವಯಸ್ಸಿನಲ್ಲಿ ಹೊಸ ಭಾಷೆ. ಊರಿನಿಂದ ಗಂಡ ಯುಜಿನ್ ಫೋನಿನಲ್ಲಿ ಬಿದ್ದು ಬಿದ್ದು ನಕ್ಕರು. "ನಕ್ಕುಕೊಳ್ಳಿ," ಅಂತ ಇವರು ಫೋನಿಟ್ಟರು.

ಶುರು ಎಲ್ಲಿಂದ? ಅದಕ್ಕೆ ದಾರಿ ತೋರಿಸಿದ್ದು ಜಪಮಾಲೆ. ಸಂಜೆ ಏಳಕ್ಕೆ ನ್ಯಾನ್ಸಿಬಾಯಿ ತಪ್ಪದೆ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಹೇಳುತ್ತಾರೆ. ಒಂದು ಸಂಜೆ ಮಣಿ ಹಿಡಿದು ಕೂತಾಗ ಅಂಪಾರೊ ಅವರ ಕೋಣೆಯಿಂದಲೂ ಗುಣುಗುಣು ಕೇಳಿತು. ಒಂದೇ ಮಾತು, ಮತ್ತೆ ಅದೇ ಮಾತು, ಹತ್ತು ಸಲ. ಆಮೇಲೆ ಬೇರೆ ಒಂದು. ಮತ್ತೆ ಹತ್ತು ಸಲ. ಅಯ್ಯೋ ದೇವರೇ! ಆಕೆಯೂ ತೇರ್ಸ್ ಹೇಳುತ್ತಿದ್ದಾರೆ! ನ್ಯಾನ್ಸಿಬಾಯಿ ಕುರ್ಚಿಯನ್ನು ಬಾಗಿಲ ಹತ್ತಿರ ಎಳೆದುಕೊಂಡರು. ಆಕೆಯ ಒಂದು ಮಣಿಗೆ ತನ್ನದೊಂದು ಮಣಿ. ಇಲ್ಲಿ "ನಮಾನ್ ಮರಿಯೆ" ಅನ್ನುವಾಗ ಅಲ್ಲಿ "ದಿಯೋಸ್ ತೆ ಸಾಲ್ವೆ ಮರಿಯಾ". ಅರ್ಥವೆಲ್ಲ ಇವರ ಹೊಟ್ಟೆಯೊಳಗೆ ಐದನೆಯ ವಯಸ್ಸಿನಿಂದ ಇದ್ದದ್ದೇ. ಮೇಲಿನ ಶಬ್ದ ಮಾತ್ರ ಬೇರೆ. ಸಂಜೆಗೆ ಐವತ್ತು ಸಲ ಅದೇ ಪಾಠ. ಯಾವ ಟ್ಯೂಷನ್ ಮಾಸ್ಟರು ಇಷ್ಟು ತಾಳ್ಮೆಯಿಂದ ಹೇಳಿಕೊಟ್ಟಾರು?

ಮೂರನೆಯ ಸಂಜೆಗೆ ಬಾಗಿಲು ತೆರೆಯಿತು. ಅಂಪಾರೊ ನಿಂತಿದ್ದರು, ಕೈಯಲ್ಲಿ ಜಪಮಾಲೆ. ಇವರ ಕೈಯಲ್ಲೂ ಜಪಮಾಲೆ. ಅಂಪಾರೊ ತಮ್ಮ ಹಾಸಿಗೆಯ ತುದಿ ತೋರಿಸಿದರು. ಮುಖ ಇನ್ನೂ ಗಂಟಾಗಿತ್ತು. ಆದರೂ ಅಂದಿನಿಂದ ಇಬ್ಬರೂ ಒಟ್ಟಿಗೆ ಕೂತು ಹೇಳತೊಡಗಿದರು, ಮೊದಲರ್ಧ ಆಕೆ, ಉಳಿದರ್ಧ ಇವರು ತೊದಲಿಕೊಂಡು. ಪರಲೋಕ ಮಂತ್ರದಲ್ಲಿ ಕೊಂಕಣಿಯವರು "ಭೊಗ್ಶಿ" ಅನ್ನುವ ಜಾಗಕ್ಕೆ ಅಂಪಾರೊ "ಪೆರ್ದೋನಾ" ಅಂದರು. ಕ್ಷಮಿಸು! ನ್ಯಾನ್ಸಿಬಾಯಿಗೆ ಮೈಯೆಲ್ಲ ಜುಂ ಎಂದಿತು. ತನಗೆ ಬೇಕಾದ ಮಾತು ಸಿಕ್ಕಿತಲ್ಲ!

ಆದರೆ ಒಂದು ಮಾತಿನಿಂದ ಏನಾದೀತು? ಪೆರ್ದೋನಾ ಅಂದುಬಿಟ್ಟು ಮುಂದೆ ಬಾಯಿ ತೆರೆದು ನಿಂತರೆ ಆಯಿತೇ? ಏಕೆ ಎಸೆದೆ, ಏನೆಂದು ತಿಳಿದುಕೊಂಡೆ, ಎಷ್ಟು ಬೇಸರವಾಗಿದೆ, ಎಲ್ಲ ಹೇಳಬೇಕು. ಬೆಳಗಾದರೆ ಅಂಪಾರೊ ಅವರ ಬಾಲ ಹಿಡಿದರು. ಆಕೆ ಈರುಳ್ಳಿ ಹೆಚ್ಚಿದರೆ ಇವರು ಎತ್ತಿ ತೋರಿಸಿ "ಕೊಮೊ?", ಹೇಗನ್ನುತ್ತೀರಿ ಅಂತ. ಆಕೆ ಬಟ್ಟೆ ಮಡಚಿದರೆ "ಕೊಮೊ?" ಒಮ್ಮೆ ಬಚ್ಚಲಲ್ಲಿ ಬಕೆಟ್ ತೋರಿಸಿ ಕೇಳಿದಾಗ ಅಂಪಾರೊ "ಬಾಲ್ದೆ" ಅಂದರು. ನ್ಯಾನ್ಸಿಬಾಯಿ ಬೆಚ್ಚಿಬಿದ್ದರು.

"ಬಾಲ್ದಿ! ನಮ್ಮ ಬಾಲ್ದಿ!"

ಟುವಾಲು ತೋರಿಸಿದರು. "ತೊಆಯಾ." ಮೇಜು ಬಡಿದರು. "ಮೇಸಾ." ಗೋಡೆಯ ಶಿಲುಬೆ, ಕೊಂಕಣಿಯ ಕುರ್ಸ್. "ಕ್ರೂಸ್." ಸಾಬೂನಿಗೆ "ಹಬೋನ್". ನ್ಯಾನ್ಸಿಬಾಯಿ ಕುಣಿಯುವುದೊಂದು ಬಾಕಿ. ಪಾವೊಲಾ ಮಗುವನ್ನೆತ್ತಿಕೊಂಡೇ ನೋಡಲಿಕ್ಕೆ ಬಂದಳು, ಎಂಟು ದಿನದ ಮೇಲೆ ಮೊದಲ ಸಲ ನಕ್ಕಳು. ಪೋರ್ಚುಗೀಸರು ನಿಮ್ಮ ಕಡೆ ಬಿಟ್ಟುಹೋದ ಮಾತುಗಳಿವು, ಆ ಭಾಷೆಯೂ ನಮ್ಮದೂ ಅಕ್ಕತಂಗಿಯರು ಅಂತ ಬಿಡಿಬಿಡಿ ಇಂಗ್ಲಿಷಿನಲ್ಲಿ, ಕೈಮಾಡಿ ಹೇಳಿದಳು. "ಯಾರು ಬಿಟ್ಟುಹೋದರೆ ಎಂತ, ಈಗ ನನಗೆ ಉಪಕಾರಕ್ಕೆ ಬಂತು," ಅಂದರು ಇವರು ಕೊಂಕಣಿಯಲ್ಲೇ. ಅವಳಿಗೆ ಅರ್ಥವಾಗಲಿಲ್ಲ, ಆದರೂ ಮತ್ತೆ ನಕ್ಕಳು.

ಆಮೇಲೆ ಅಜ್ಜಿಯರಿಬ್ಬರೂ ಖೈರುನ್ನಿಸಳ ಕಾರಿನಲ್ಲಿ ಅಲ್ ಮೀನಾದ ಮೀನು ಮಾರುಕಟ್ಟೆಗೂ ಹೋಗಿಬಂದರು. ಬಾಣಂತಿಗೆ ಯಾವ ಮೀನು ಅನ್ನುವುದರ ಮೇಲೆ ಅರ್ಧ ಗಂಟೆ ವಾದ. ಅಂಪಾರೊ ಒಂದು ದೊಡ್ಡ ಮೀನು ತೋರಿಸಿದರೆ ನ್ಯಾನ್ಸಿಬಾಯಿ "ನೋ ನೋ! ಪೆಸ್ಕಾದೊ ಮಾಲೊ! ಪಾವೊಲಾ ಬಾರಿಗಾ, ಗುಡುಗುಡು!" ಅಂತ ಮೀನು ಕೆಟ್ಟದ್ದೆಂದು ಹೊಟ್ಟೆ ಹಿಡಿದು ತೋರಿಸಿದರು. ಮೀನಿನವನಿಂದ ಹಿಡಿದು ಗಾಡಿ ತಳ್ಳುವವರವರೆಗೆ ಎಲ್ಲ ನಿಂತು ನೋಡಿದರು. ಅಂಪಾರೊ ನಗು ತಡೆಯಲಾರದೆ ಖೈರುನ್ನಿಸಳ ಭುಜ ಹಿಡಿದುಕೊಂಡರು. ನ್ಯಾನ್ಸಿಬಾಯಿಯ ಸ್ಪ್ಯಾನಿಷ್‌ಗೆ ನಿನ್ನೆ ನಾಳೆ ಎಲ್ಲ ಒಂದೇ. ನಾನು ತಿನ್ನು, ನೀನು ತಿನ್ನು, ಅವರು ತಿನ್ನು. ನಾಚಿಕೆ ಅಂತೂ ಇಲ್ಲವೇ ಇಲ್ಲ. ನಾಚಿಕೆಯನ್ನು ಗಾಳಿಗೆ ತೂರಿದವರಿಗೆ ಭಾಷೆ ಬರುತ್ತದೆ, ನೋಡಿ.

ಮಾರುಕಟ್ಟೆಯಿಂದ ಬರುವಾಗ ಕಾರಿನಲ್ಲಿ ಅಂಪಾರೊ ಇವರ ಎದೆಗೊಮ್ಮೆ, ತಮ್ಮ ಎದೆಗೊಮ್ಮೆ ಬೆರಳಿಟ್ಟು "ಕೊನ್ಸ್ವೆಗ್ರಾ" ಅಂದರು. ಇವರ ಮಗ, ಅವರ ಮಗಳು, ಅಂತ ಬೆರಳು ಬೆಸೆದು ತೋರಿಸಿದರು. ನ್ಯಾನ್ಸಿಬಾಯಿಗೆ ಥಟ್ಟನೆ ಹೊಳೆಯಿತು: ಬೀಗಿತ್ತಿ! ಇಂಗ್ಲಿಷಿನಲ್ಲಿ ಅದಕ್ಕೊಂದು ಹೆಸರೇ ಇಲ್ಲವೆಂದು ಶರ್ವಿನ್ ಹೇಳಿದ್ದ. ಸ್ಪ್ಯಾನಿಷ್‌ನಲ್ಲಿ ಇದೆ! ಆ ರಾತ್ರಿ ಊಟದವರೆಗೂ ಅವರು ಅಂಪಾರೊ ಅವರನ್ನು ಹೆಸರು ಹಿಡಿದು ಕರೆಯಲಿಲ್ಲ, ಬರೀ ಕೊನ್ಸ್ವೆಗ್ರಾ, ಕೊನ್ಸ್ವೆಗ್ರಾ.

ಮೂವತ್ತೊಂದನೆಯ ದಿನ ತೇರ್ಸ್ ಮುಗಿದ ಮೇಲೆ ನ್ಯಾನ್ಸಿಬಾಯಿ ಎದ್ದು ಹೋಗಲಿಲ್ಲ. ಅಂಪಾರೊ ಅವರ ಎರಡೂ ಕೈ ಹಿಡಿದರು. ಹತ್ತು ದಿನದಿಂದ ಬಚ್ಚಲಲ್ಲಿ ನಿಂತು ನಲ್ಲಿಗೆ ಹೇಳಿ ಹೇಳಿ ರೂಢಿ ಮಾಡಿದ್ದ ಮಾತು.

"ಪೆರ್ದೋನಾಮೆ, ಕೊನ್ಸ್ವೆಗ್ರಾ. ನಿನ್ನ ಅಮ್ಮನ ದಾರ, ನಾನು ಎಸೆ. ನಾನು ಯೋಚಿಸು, ಕೆಟ್ಟದ್ದು. ನಾನು ಹೆದರು, ಮಗುವಿಗೆ. ನನಗೆ ಗೊತ್ತು ಇಲ್ಲ. ನನ್ನ ಹೃದಯ, ತುಂಬಾ ನೋವು."

ಸ್ಪ್ಯಾನಿಷ್‌ನಲ್ಲಿ ಅದು ಇಷ್ಟೇ ಮುರುಕಲಾಗಿತ್ತು. ಅಂಪಾರೊ ಅವರ ಕಣ್ಣು ತುಂಬಿತು. ಆಮೇಲೆ ಎದ್ದು ಮಗುವನ್ನೆತ್ತಿಕೊಂಡು ಬಂದು, ಅದರ ಕೆನ್ನೆಯ ಮೇಲೆ ಬೆರಳಿಟ್ಟು, ಬಟ್ಟೆಯಿಂದ ಒರೆಸುವ ಹಾಗೆ ಮಾಡಿ ತೋರಿಸಿದರು. ನಿಧಾನವಾಗಿ, ಇವರಿಗೆ ತಿಳಿಯುವ ಹಾಗೆ ಹೇಳಿದರು: ದಿನಾ ಬೆಳಿಗ್ಗೆ ಇಲ್ಲಿ ಒಂದು ಕಪ್ಪು ಕಲೆ. ನಾನು ಒರೆಸುತ್ತಿದ್ದೆ. ಕೊಳೆ ಅಂದುಕೊಂಡೆ. ಮೊನ್ನೆ ನೀನು ಇಡುವುದನ್ನು ಕಂಡೆ.

ನ್ಯಾನ್ಸಿಬಾಯಿ ಹಣೆ ಚಚ್ಚಿಕೊಂಡರು. ಚರ್ಚಿಗೂ ಹೋಗುತ್ತಾರೆ, ದೃಷ್ಟಿಬೊಟ್ಟನ್ನೂ ಇಡುತ್ತಾರೆ. ಅವರಿಗೆ ಎರಡಕ್ಕೂ ಜಗಳವಿಲ್ಲ. ಮುಟ್ಟಬೇಡಿ ಅಂದ ಮೇಲೂ ಪಾವೊಲಾ ನಿದ್ದೆಯಲ್ಲಿದ್ದಾಗ ಕದ್ದು ದಿನಾ ಇಟ್ಟ ಬೊಟ್ಟು ದಿನಾ ಮಾಯವಾಗುವುದನ್ನು ಕಂಡು ಇಲ್ಲಿನ ಏಸಿಯ ಗಾಳಿಗೆ ಬಯ್ದದ್ದೇ ಬಯ್ದದ್ದು! "ಮಾಲ್ ದೆ ಓಹೊ?" ಅಂತ ಕೇಳಿದರು ಅಂಪಾರೊ, ಕೆಟ್ಟ ಕಣ್ಣಿಗಾ? "ಸೀ, ಸೀ! ಕೆಟ್ಟ ಕಣ್ಣಿಗೇ!" ಇಬ್ಬರೂ ಹಾಸಿಗೆಯ ಮೇಲೆ ಉರುಳಿ ಉರುಳಿ ನಕ್ಕರು. ನಗು ಅಳುವಾಯಿತು, ಅಳು ಮತ್ತೆ ನಗುವಾಯಿತು. ಮರುದಿನ ಬೆಳಿಗ್ಗೆ ಬೊಟ್ಟು ಇಟ್ಟದ್ದು ಅಂಪಾರೊ ಅವರೇ, ಸ್ವಲ್ಪ ದೊಡ್ಡದಾಯಿತು.

ಇನ್ನು ಉಳಿದದ್ದು ಸ್ನಾನ. ಇಷ್ಟರಲ್ಲಿ ನ್ಯಾನ್ಸಿಬಾಯಿಗೆ ಇನ್ನೊಂದು ಸಂಗತಿ ತಿಳಿದಿತ್ತು. ಅಂಪಾರೊ ಅವರ ಊರಿನಲ್ಲೂ ಬಾಣಂತಿಗೆ ನಲವತ್ತು ದಿನ: ಕೋಳಿಯ ಸಾರು, ತಲೆಗೆ ಬಟ್ಟೆ, ತಣ್ಣನೆಯ ಗಾಳಿ ತಾಗಬಾರದು. ನಲವತ್ತನೆಯ ದಿನ ಸೊಪ್ಪು ಕುದಿಸಿದ ನೀರಿನಲ್ಲಿ ಸ್ನಾನ. ಇದೇನು, ಶಿರ್ವದ ಪಕ್ಕದ ಊರೇ! ಪಾವೊಲಾಳನ್ನು ಎದುರು ಕೂರಿಸಿಕೊಂಡು, ಮಡಿಲಿಗೆ ದಿಂಬು ಹಾಕಿ, ಮೀಯಿಸುವ ಪರಿಯನ್ನೆಲ್ಲ ಅವಳ ಭಾಷೆಯಲ್ಲೇ ವಿವರಿಸಿದರು. ನೀರು ಹೇಗಿರಬೇಕು, ಕೈ ಎಲ್ಲಿ ಹಿಡಿಯಬೇಕು, ಕಿವಿಗೆ ಮೂಗಿಗೆ ಎಣ್ಣೆ ಹಾಕುವುದಿಲ್ಲ ಅಂತ ಆಣೆ ಬೇರೆ. ಪಾವೊಲಾ ಅಮ್ಮನ ಮುಖ ನೋಡಿದಳು. ಅಂಪಾರೊ ಹೂಂ ಅಂತ ತಲೆ ಅಲ್ಲಾಡಿಸಿದರು.

"ಸರಿ ಮಮ್ಮಾ. ನಲವತ್ತನೆಯ ದಿನ," ಅಂದಳು ಸೊಸೆ, ಸ್ಪ್ಯಾನಿಷ್‌ನಲ್ಲಿ. ನ್ಯಾನ್ಸಿಬಾಯಿಗೆ ಪ್ರತಿ ಅಕ್ಷರ ಅರ್ಥವಾಯಿತು.

ಆ ಎಂಟು ದಿನ ಅವರು ನೆಲದ ಮೇಲೆ ನಡೆದರೋ ಇಲ್ಲವೋ! ಎಣ್ಣೆಗೆ ಬಿಸಿಲು ತೋರಿಸಿದರು, ಕಡಲೆಹಿಟ್ಟನ್ನು ಎರಡು ಸಲ ಜರಡಿ ಹಿಡಿದರು, ಕೈಯ ಬಳೆಗಳನ್ನೆಲ್ಲ ಕಳಚಿಟ್ಟರು. ನಲವತ್ತನೆಯ ದಿನ ಹತ್ತು ಗಂಟೆಗೆ ಬಚ್ಚಲಿನ ಏಸಿಯ ಕಿಂಡಿಗೆ ಬಟ್ಟೆ ತುರುಕಿ, ತಗ್ಗಿನ ಮಣೆಯ ಮೇಲೆ ಕೂತು, ಎರಡೂ ಕಾಲು ನೀಡಿದರು. ಅಂಪಾರೊ ಟುವಾಲು ಹಿಡಿದು ನಿಂತರು. ಪಾವೊಲಾ ಮಗುವನ್ನು ತಂದಳು, ಕೊಡಲಿಕ್ಕೆ ಬಾಗಿದಳು. ನ್ಯಾನ್ಸಿಬಾಯಿಯ ಕೈ ಮಗುವಿನ ಬೆನ್ನಿಗೆ ತಾಗಿತು.

"ಅಮ್ಮ ನಾಡಿದ್ದು ಹೋಗ್ತಾಳೆ," ಅಂದಳು ಪಾವೊಲಾ ಮೆಲ್ಲಗೆ, ತನ್ನ ಭಾಷೆಯಲ್ಲೇ. "ಇನ್ನು ಹದಿನೈದು ದಿನಕ್ಕೆ ನೀವೂ ಹೋಗ್ತೀರಿ. ಶರ್ವಿನ್ ಬಂದರೂ ಮತ್ತೆ ಸಮುದ್ರಕ್ಕೆ. ಆಮೇಲೆ ಇದೆಲ್ಲ ಯಾರು ಮಾಡ್ತಾರೆ? ನನಗೆ ಅವನನ್ನು ಎತ್ತಲಿಕ್ಕೂ ಹೆದರಿಕೆ ಆಗ್ತದೆ ಮಮ್ಮಾ. ಟಬ್ಬಿನಲ್ಲಿ ನನ್ನ ಕೈ ನಡುಗ್ತದೆ."

ಅದುವರೆಗೆ ಅವಳು ಈ ಮಾತನ್ನು ತನ್ನ ತಾಯಿಗೂ ಹೇಳಿರಲಿಲ್ಲವೆಂದು ಅಂಪಾರೊ ಅವರ ಮುಖ ಹೇಳುತ್ತಿತ್ತು. ನ್ಯಾನ್ಸಿಬಾಯಿ ಸೊಸೆಯನ್ನು ನೋಡಿದರು. ಬೆಳಗಿನಿಂದ ಸಂಜೆಯವರೆಗೆ ಬಾಗಿಲು ಕಾಯುವ ಹಾಗೆ ಮಗುವನ್ನು ಕಾಯುತ್ತಿದ್ದ ಹುಡುಗಿ. ಇದು ಸಿಟ್ಟೆಂದು ಇಷ್ಟು ದಿನ ತಿಳಿದಿದ್ದರು. ಮೊಮ್ಮಗನ ಬಿಸಿ ಬೆನ್ನು ಅಂಗೈಯಲ್ಲಿತ್ತು. ಬಿಟ್ಟುಕೊಡಲು ಮನಸ್ಸಿರಲಿಲ್ಲ, ಸುಳ್ಳು ಏಕೆ ಹೇಳಬೇಕು?

ಅವರು ಮಣೆಯಿಂದ ಎದ್ದರು.

"ಸಿಯೆಂತಾತೆ," ಅಂದರು. ಕೂತುಕೋ.

ಪಾವೊಲಾ ಕಣ್ಣರಳಿಸಿದಳು. ನ್ಯಾನ್ಸಿಬಾಯಿ ಅವಳ ಭುಜ ಒತ್ತಿ ಮಣೆಯ ಮೇಲೆ ಕೂರಿಸಿದರು, ಕಾಲು ನೀಡಿಸಿದರು, ಮಗುವನ್ನು ಅವಳ ಕಾಲುಗಳ ನಡುವಿನ ತಗ್ಗಿನಲ್ಲಿ ಮಲಗಿಸಿದರು. ತಾವು ಹಿಂದೆ ಮಂಡಿಯೂರಿ ಕೂತು, ಅವಳ ಕೈಯ ಮೇಲೆ ತಮ್ಮ ಕೈ ಇಟ್ಟರು. ಎಣ್ಣೆ ಸುರಿದರು. "ಸ್ವಾವೆ. ದೆಸ್ಪಾಸಿಯೊ." ಮೃದುವಾಗಿ, ನಿಧಾನವಾಗಿ. ಎದೆಯಿಂದ ಭುಜಕ್ಕೆ. ಭುಜದಿಂದ ಬೆರಳಿಗೆ. "ಆಸೀ, ಇಹಾ, ಆಸೀ." ಹೀಗೆ ಮಗಳೇ, ಹೀಗೆ. ಮಾತೆಯೊ ಮೊದಲು ಕಿರುಚಿದ. ಪಾವೊಲಾಳ ಕೈ ಹಿಂದೆ ಸರಿಯಲು ನೋಡಿತು. ಅತ್ತೆಯ ಕೈ ಬಿಡಲಿಲ್ಲ. ತಂಬಿಗೆಯ ನೀರು ಬೆನ್ನ ಮೇಲೆ ಬಿದ್ದಾಗ ಕಿರುಚಾಟ ನಿಂತಿತು. ಮಗು ಬಾಯಿ ತೆರೆದು, ಇದೇನು ಸುಖವಪ್ಪಾ ಅನ್ನುವ ಹಾಗೆ ಅಮ್ಮನನ್ನೇ ನೋಡಿತು.

ಯಾವಾಗಲೋ ನ್ಯಾನ್ಸಿಬಾಯಿ ತಮ್ಮ ಕೈ ತೆಗೆದಿದ್ದರು. ಪಾವೊಲಾ ಅದನ್ನು ಗಮನಿಸಲೇ ಇಲ್ಲ. ಅವಳು ನಗುತ್ತಿದ್ದಳು, ಕೆನ್ನೆಯೆಲ್ಲ ಒದ್ದೆ, ಕೈ ನಡುಗುತ್ತಿರಲಿಲ್ಲ.

ಮಧ್ಯಾಹ್ನದ ಮೇಲೆ ಸಮುದ್ರದಿಂದ ಶರ್ವಿನ್‌ನ ಫೋನ್ ಬಂತು. "ಮಾಮ್, ಇವತ್ತಲ್ವಾ? ಕೊನೆಗೂ ಮೀಯಿಸಿದೆಯಾ ನಿನ್ನ ಮೊಮ್ಮಗನನ್ನು?"

"ಇಲ್ಲ ಮಗಾ," ಅಂದರು ನ್ಯಾನ್ಸಿಬಾಯಿ. ಒಳಗಿನ ಕೋಣೆಯಲ್ಲಿ ಮಾತೆಯೊ ನಾಲ್ಕನೆಯ ಗಂಟೆಯ ನಿದ್ದೆಯಲ್ಲಿದ್ದ, ಪಕ್ಕದಲ್ಲಿ ಅವನಮ್ಮನೂ ಗೊರಕೆ ಹೊಡೆಯುತ್ತಿದ್ದಳು. "ಅವಳೇ ಮೀಯಿಸಿದ್ದು. ನಾಳೆಯೂ ಅವಳೇ."